ಚಿಕ್ಕಪ್ಪ ಸತ್ತ ಸಿನಿಮಾ

ಈಗ ಹೇಳಹೊರಟಿರುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟನ್ನು ನಾನೇ ಹೇಳಿ ಹೇಳಿ ನಡೆಸಿದ್ದು ಎಂಬುದು ನನಗೆ ಖಚಿತವಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ, ನಾಗಮಂಗಲದ ಒಂದು ಕಾಲೇಜಿನಲ್ಲಿ ಆಕರಗಳನ್ನು ಅನುಮಾನಿಸುವುದು ಹೇಗೆಂದು ಇಷ್ಟು ವರ್ಷ ಪಾಠ ಹೇಳಿದವನು ನಾನು. ಶಾಸನ ಸುಳ್ಳು ಹೇಳಬಹುದು, ಪ್ರವಾಸಿ ಬಣ್ಣ ಹಚ್ಚಿರಬಹುದು, ಆಸ್ಥಾನಕವಿಯನ್ನಂತೂ ನಂಬಲೇಬೇಡಿ ಎಂದು ಮೇಜು ಕುಟ್ಟಿ ಹೇಳುತ್ತೇನೆ. ನನ್ನ ತಲೆಯೊಳಗೇ ಒಬ್ಬ ಆಸ್ಥಾನಕವಿ ಕೂತಿದ್ದಾನೆಂಬುದು ಮಾತ್ರ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಗ್ಯಾಸ್ ಸಿಲಿಂಡರು ಯಾವಾಗ ಬಂತು ಎಂದು ಹೆಂಡತಿ ಕೇಳಿದರೆ ಸೂರು ನೋಡುತ್ತೇನೆ. ಆದರೆ ನಮ್ಮ ಚಿಕ್ಕಪ್ಪನನ್ನು ಮಚ್ಚಿನಿಂದ ಕೊಚ್ಚಿ ಕೊಂದದ್ದನ್ನು ಕೇಳಿ: ಅವರು ಯಾವ ಅಂಗಿ ಹಾಕಿದ್ದರು, ಬೀಳುವ ಮುಂಚೆ ಏನಂದರು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಎಲ್ಲವನ್ನೂ ಹೇಳಬಲ್ಲೆ. ಹೇಳಬಲ್ಲೆ ಎಂದುಕೊಂಡಿದ್ದೆ.

ಗಾಬರಿಯಾಗಬೇಡಿ, ಕೊಂದದ್ದು ಸಿನಿಮಾದಲ್ಲಿ. ಸುಮಾರು ಮೂವತ್ತು ವರ್ಷದ ಹಿಂದೆ ಪಾಂಡವಪುರದ ಬಳಿಯ ನಮ್ಮೂರಿಗೆ ಒಂದು ಸಿನಿಮಾ ತಂಡ ಬಂದಿತ್ತು. ನಮ್ಮ ಕಡೆ ಸೇಡಿನ ಸಿನಿಮಾ ತೆಗೆಯುವುದಕ್ಕೆ ದೊಡ್ಡ ಬಂಡವಾಳವೇನೂ ಬೇಕಿರಲಿಲ್ಲ. ಅಡಗಲು ಕಬ್ಬಿನ ಗದ್ದೆ ಇತ್ತು, ಅಟ್ಟಿಸಿಕೊಂಡು ಓಡಲು ನಾಲೆಯ ಏರಿ ಇತ್ತು, ಕೊಚ್ಚಲು ಮಚ್ಚು ಮನೆಮನೆಯಲ್ಲೂ ಇತ್ತು. ಕೊನೆಯ ಹೊಡೆದಾಟಕ್ಕೆ ಆಲೆಮನೆ ಇತ್ತು. ಕಬ್ಬಿನ ಹಾಲು ಕುದಿಸಿ ಬೆಲ್ಲ ತೆಗೆಯುವ ಆ ಕೊಟ್ಟಿಗೆಯಲ್ಲಿ ಬೆಂಕಿ, ಹೊಗೆ, ಕುದಿಯುವ ಕೊಪ್ಪರಿಗೆ ಎಲ್ಲವೂ ಮೊದಲೇ ಸಿದ್ಧವಾಗಿರುವಾಗ ನಿರ್ದೇಶಕನಿಗೆ ಮಾಡುವುದಕ್ಕೇನು ಉಳಿಯಿತು? ಖಳನ ಕಡೆಯ ರೌಡಿಗಳು ಮಾತ್ರ ಕಡಿಮೆ ಬಿದ್ದರು. ಬೆಂಗಳೂರಿನಿಂದ ಬಂದವರು ಇಬ್ಬರೇ. ಮೂರನೆಯ ರೌಡಿಗಾಗಿ ಊರೊಳಗೆ ಒಂದು ಸುತ್ತು ಹಾಕಿದಾಗ ಮೀಸೆಯ ಬಲದಿಂದ ನಮ್ಮ ಬೋರೇಗೌಡ ಚಿಕ್ಕಪ್ಪ ಆಯ್ಕೆಯಾದರು.

ಚಿಕ್ಕಪ್ಪನ ಬಗ್ಗೆ ಹೇಳಬೇಕೆಂದರೆ, ಆ ಮೀಸೆ ಬಿಟ್ಟರೆ ಅವರಲ್ಲಿ ರೌಡಿತನದ್ದೇನೂ ಇರಲಿಲ್ಲ. ಎಮ್ಮೆಗೆ ಬೈಯಬೇಕಾದರೂ ಬಹುವಚನ ಬಳಸುತ್ತಿದ್ದರು. ನೆಂಟರ ಮದುವೆಗಳಲ್ಲಿ ಬಡಿಸುವುದೆಂದರೆ ಪ್ರಾಣ. ಹೀಗಾಗಿ ನಮ್ಮ ವಂಶದ ಒಂದು ಮದುವೆಯ ಸೀಡಿಯಲ್ಲೂ ಅವರ ಮುಖವಿಲ್ಲ. ಊಟದ ಪಂಕ್ತಿಯ ಮೇಲೆ ಕ್ಯಾಮೆರಾ ಹಾಯುವಾಗ ಒಂದು ಸಾರಿನ ಬಕೆಟ್ಟು, ಅದನ್ನು ಹಿಡಿದ ಒಂದು ಕೈ, ಕೈಯ ತುದಿಗೆ ಸೌಟು. ಆ ಕೈ ಚಿಕ್ಕಪ್ಪನದು. ಅವರು ತೀರಿಕೊಂಡಾಗ ನಮ್ಮ ಮನೆಗಳಿಗೆ ಇನ್ನೂ ಕ್ಯಾಮೆರಾದ ಫೋನು ಬಂದಿರಲಿಲ್ಲ. ಉಳಿದದ್ದು ಮತದಾರರ ಚೀಟಿಯದನ್ನು ದೊಡ್ಡದು ಮಾಡಿಸಿದ ಒಂದು ಫೋಟೋ. ಅದರಲ್ಲಿ ಅವರು ಯಾರಿಗೂ ಮತ ಹಾಕುವ ಮನಸ್ಸಿಲ್ಲದವರಂತೆ ಕಾಣುತ್ತಾರೆ.

ಈಗ ಮನೆಯ ತಾಪತ್ರಯಕ್ಕೆ ಬರುತ್ತೇನೆ. ಸಾಕಮ್ಮ ಚಿಕ್ಕಮ್ಮ, ಅಂದರೆ ಆ ಮೂರನೆಯ ರೌಡಿಯ ಹೆಂಡತಿ, ಮೊನ್ನೆ ಕಣ್ಣಿನ ಪೊರೆ ತೆಗೆಸಿಕೊಂಡು, ಔಷಧಿ ಹಾಕುವವರು ಬೇಕೆಂದು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದು ಕೂತರು. ಮೊದಲ ಕೆಲವು ದಿನ ಹೊಸ ಕಣ್ಣಿನಿಂದ ನಮ್ಮ ಮನೆಯನ್ನು ತಪಾಸಣೆ ಮಾಡಿದರು. ಫ್ಯಾನಿನ ಮೇಲಿನ ಧೂಳು, ನನ್ನ ಕಿವಿಯ ಮೇಲಿನ ಬಿಳಿ ಕೂದಲು, ಗೋಡೆಯ ಬಿರುಕು ಎಲ್ಲವೂ ವರದಿಯಾಯಿತು. ಅದು ಮುಗಿದ ಮೇಲೆ ಒಂದು ದಿನ ಕಪ್ಪು ಕನ್ನಡಕದೊಳಗಿಂದ ನನ್ನನ್ನೇ ನೋಡುತ್ತ ಅಂದರು:

"ಕಣ್ಣು ಕಾಣೋ ಅಂಗಾಯ್ತು. ಇನ್ನ ನೋಡಕ್ಕೆ ಏನದೆ? ನಿಮ್ ಚಿಕ್ಕಪ್ಪನ್ನ ತೋರ್ಸ್ಬುಡು."

"ಫೋಟೋನಾ?"

"ಫೋಟೋದಾಗೆ ನೋಡಕ್ಕೆ ಆಪ್ರೇಸನ್ ಯಾಕ್ಲಾ ಬೇಕಿತ್ತು? ಓಡಾಡೋದು ತೋರ್ಸು. ಆ ಸಿನಿಮಾದಾಗೆ ಬತ್ತಾರಲ್ಲ, ಅದು."

ಆಗ ನನಗೆ ಮೊದಲ ಪೆಟ್ಟು ಬಿತ್ತು. "ನೀವು ನೋಡಿದೀರಲ್ಲ ಚಿಕ್ಕಮ್ಮ, ಕೆ.ಆರ್.ಪೇಟೆ ಟಾಕೀಸಲ್ಲಿ ನನ್ನ ಪಕ್ಕದಲ್ಲೇ ಕೂತಿದ್ರಿ, ಅತ್ತಿದ್ರಿ" ಎಂದೆ.

"ನಾನೆಲ್ಲಿ ಬಂದಿದ್ನಪ್ಪ? ಅವತ್ತು ಎಮ್ಮೆ ಈಯೋ ಅಂಗಿತ್ತು. ಎಲ್ರೂ ಟ್ರಾಕ್ಟರ್ ಅತ್ಕೊಂಡು ಒಂಟೋದ್ರಿ. ಇನ್ನೊಂದ್ ಕಿತ ಬಂದಾಗ ನೋಡಿದ್ರಾಯ್ತು ಬುಡು ಅಂದ್ಕೊಂಡೆ. ಅದು ಬರ್ಲೇ ಇಲ್ಲ."

ಮೂವತ್ತು ವರ್ಷದಿಂದ ನಾನು ಈ ಕತೆ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ, ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದೇನೆ. ಪ್ರತಿ ಸಲವೂ ನನ್ನ ಎಡಗಡೆಯ ಕುರ್ಚಿಯಲ್ಲಿ ಚಿಕ್ಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದಾರೆ. ಈಗ ನೋಡಿದರೆ ಅವರು ಅಲ್ಲಿಂದ ಎಷ್ಟೋ ದೂರದಲ್ಲಿ, ಕೊಟ್ಟಿಗೆಯೊಳಗೆ, ಕರುವಿನ ಕಾಲು ಹಿಡಿದುಕೊಂಡು ನಿಂತಿದ್ದರು. ನೆನಪಿನ ಒಂದು ಇಟ್ಟಿಗೆ ಸರಿದ ಮೇಲೆ ಉಳಿದ ಗೋಡೆಯನ್ನು ನಂಬುವುದು ಹೇಗೆ?

ಆ ಟಾಕೀಸಿಗೆ ನಾವು ಟ್ರಾಕ್ಟರು ಹತ್ತಿಕೊಂಡು ಹೋದದ್ದೇಕೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ. ಶೂಟಿಂಗು ನಡೆದ ದಿನಗಳಲ್ಲೇ ಚಿಕ್ಕಪ್ಪ ಆಲೆಮನೆಯಿಂದ ಬರುತ್ತಿದ್ದಾಗ ಒಂದು ಕಾಗೆ ಅವರ ತಲೆಗೆ ಬಡಿದು ಹೋಯಿತು. ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಆಯುಸ್ಸಿಗೆ ಕಂಟಕ ಎನ್ನುತ್ತಾರೆ. ಅದಕ್ಕೆ ಪರಿಹಾರವೂ ಇದೆ. ಕಾಗೆ ಮುಟ್ಟಿಸಿಕೊಂಡವನು ಸತ್ತ ಎಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಬಾಯಿ ಬಡಿದುಕೊಂಡು ಅಳುತ್ತ ಬರಬೇಕು. ಕಣ್ಣೀರು ಬಿತ್ತೆಂದರೆ ಕಂಟಕ ಕಳೆಯಿತು. ಆಮೇಲೆ ಸತ್ತವನೇ ಎದ್ದು ಬಂದು ನೆಂಟರಿಗೆ ಕೈಕಾಲಿಗೆ ನೀರು ಕೊಟ್ಟರೆ ಅವರು ಬೈದು, ನಕ್ಕು, ಉಂಡು ಹೋಗುತ್ತಾರೆ. ಅಜ್ಜಿ ಆಗಲೇ ಹೊಸಹೊಳಲಿನಲ್ಲಿದ್ದ ನಮ್ಮ ಸೋದರತ್ತೆಯ ಮನೆಗೆ ಸುದ್ದಿ ಕಳಿಸಲು ಆಳು ಹುಡುಕುತ್ತಿದ್ದರು. ಚಿಕ್ಕಪ್ಪ ಒಪ್ಪಲಿಲ್ಲ.

"ಗುಂಡ್ಕಲ್ಲಂಗೆ ಇವ್ನಿ, ಸತ್ತೋದ ಅಂತ ಏಳ್ ಕಳಿಸ್ತೀಯಾ ಅವ್ವ? ನಾಳೆ ಡೈರಿಗೆ ಆಲು ಹಾಕಕ್ಕೆ ವೋದ್ರೆ ಜನ ಕ್ಯಾನ್ ಬುಟ್ಟು ಓಡೋಗ್ತಾರೆ."

"ಓಡ್ಲಿ ಬುಡ್ಲಾ. ನೀನ್ ಇದ್ರೆ ಸಾಕು."

ನಾನಾಗ ಮೈಸೂರಿನಲ್ಲಿ ಬಿ.ಎ.ಗೆ ಸೇರಿದ ಹೊಸದು. ವಿಚಾರವಾದಿಯಾಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡವನು ಸುಮ್ಮನೆ ನಡೆಯುತ್ತಾನೆಯೇ, ಸದ್ದು ಮಾಡಿಕೊಂಡೇ ನಡೆಯುತ್ತಾನೆ. ಕಾಗೆಗೂ ಯಮನಿಗೂ ಸಂಬಂಧವಿಲ್ಲವೆಂದು ಅಜ್ಜಿಗೆ ಒಂದು ಉಪನ್ಯಾಸ ಕೊಟ್ಟು, ಕೊನೆಗೆ ವ್ಯಂಗ್ಯವಾಗಿ, "ಅಷ್ಟಕ್ಕೂ ಚಿಕ್ಕಪ್ಪ ಸಿನಿಮಾದಲ್ಲಿ ಸಾಯ್ತಾರಲ್ಲ, ನೆಂಟರನ್ನ ಸಿನಿಮಾಕ್ಕೆ ಕರ್ಕೊಂಡು ಹೋಗಿ, ಅಲ್ಲೇ ಅಳ್ಲಿ" ಎಂದುಬಿಟ್ಟೆ. ವ್ಯಂಗ್ಯವನ್ನು ಹಳ್ಳಿಯಲ್ಲಿ ಎಚ್ಚರದಿಂದ ಬಳಸಬೇಕು. ಅಜ್ಜಿ ಒಂದು ಕ್ಷಣ ನನ್ನನ್ನೇ ನೋಡಿ, "ಓದ್ಸಿದ್ದು ಈಗ ಸಾರ್ಥಕ ಆಯ್ತು ಕಣ್ಲಾ" ಎಂದರು.

ಸಿನಿಮಾ ಬಿಡುಗಡೆಯಾಗಿ, ಬೆಂಗಳೂರಿನಲ್ಲಿ ಓಡದೆ, ಕೆ.ಆರ್.ಪೇಟೆಗೆ ಬಂತು. ಅಜ್ಜಿ ಊರಿನಿಂದ ನಮ್ಮನ್ನೆಲ್ಲ ಟ್ರಾಕ್ಟರಿನ ಟ್ರೈಲರಿಗೆ ತುಂಬಿಕೊಂಡು, ಹೊಸಹೊಳಲಿಗೆ ಹೋಗಿ ಅತ್ತೆಯ ಮನೆಯ ಜನವನ್ನೂ ಹತ್ತಿಸಿಕೊಂಡು ಟಾಕೀಸಿಗೆ ನುಗ್ಗಿದರು. ಚಿಕ್ಕಪ್ಪ ಸಾಯುತ್ತಾರೆಂದು ಅತ್ತೆಯ ಮನೆಯವರಿಗೆ ಹೇಳಿರಲಿಲ್ಲ. ಹೇಳಿದರೆ ಅಳು ಕಲಬೆರಕೆಯಾಗುತ್ತದೆ ಎಂಬುದು ಅಜ್ಜಿಯ ವಾದ. ಎಲ್ಲ ಲೆಕ್ಕ ಹಾಕಿದ್ದ ಅಜ್ಜಿ ಒಂದನ್ನು ಮರೆತಿದ್ದರು. ಚಿಕ್ಕಪ್ಪ ಖಳನ ಕಡೆಯವರು. ಸಿನಿಮಾದ ಮೊದಲರ್ಧ ಪೂರ್ತಿ ನಾಯಕನ ಮನೆಗೆ ಬೆಂಕಿ ಇಟ್ಟು, ಅವನ ಅಪ್ಪನನ್ನು ಎಳೆದಾಡಿ, ಪೊಲೀಸರೂ ಕೈಬಿಟ್ಟು, ನಾಯಕ ಮಚ್ಚು ಮಸೆಯುವ ಹೊತ್ತಿಗೆ ಅತ್ತೆಯ ಮನೆಯವರ ರಕ್ತ ಕೊಪ್ಪರಿಗೆಯಂತೆ ಕುದಿಯುತ್ತಿತ್ತು. ಮೊದಲ ರೌಡಿ ಬಿದ್ದ, ಶಿಳ್ಳೆ. ಎರಡನೆಯವನು ಬಿದ್ದ, ಇನ್ನೂ ಜೋರು ಶಿಳ್ಳೆ. ಮೂರನೆಯವರಾಗಿ ಚಿಕ್ಕಪ್ಪ ಮೀಸೆ ತಿರುವುತ್ತ ಬಂದಾಗ ಅತ್ತೆ, ಸ್ವಂತ ಅಕ್ಕ, ಕುರ್ಚಿಯಿಂದೆದ್ದು, "ಬುಡ್ಬೇಡ ಕಣ್ಲಾ ಆ ಮುಂಡೇಮಗನ್ನ! ಆಕು!" ಎಂದು ಕೂಗಿ ಶಿಳ್ಳೆ ಹೊಡೆದರು. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ಚಿಕ್ಕಪ್ಪ ತನ್ನನ್ನು ತಾನೇ ನೋಡಲು ಎದ್ದು ನಿಂತರು. ಹಿಂದಿನ ಸಾಲಿನಿಂದ ಯಾರೋ, "ಲೇ, ಕೂತ್ಕೊಳ್ಳಲೇ ಮೀಸೆ, ಸಾಯೋದು ಕಾಣ್ತಿಲ್ಲ!" ಎಂದು ಅರಚಿದರು. ತನ್ನ ಸಾವಿಗೆ ತಾನೇ ಅಡ್ಡ ನಿಂತ ಚಿಕ್ಕಪ್ಪ "ತೆಪ್ಪಾಯ್ತು" ಎಂದು ಕೂತರು. ಅಜ್ಜಿ ಮಾತ್ರ ತೆರೆಯತ್ತ ಕೈ ನೀಡಿ ನಾಯಕನನ್ನು ಶಪಿಸುತ್ತಿದ್ದರು: "ಅಯ್ಯೋ ಪಾಪಿ, ನನ್ ಮಗ ನಿಂಗೇನ್ಲಾ ಮಾಡಿದ್ದ?"

ಹೀಗೆ ಪರಿಹಾರ ಕೈಕೊಟ್ಟಿತು. ನಮ್ಮ ವಂಶದಲ್ಲಿ ಒಬ್ಬನ ಸಾವಿಗೆ ಇಡೀ ನೆಂಟರಿಷ್ಟರು ಸೇರಿ ಶಿಳ್ಳೆ ಹೊಡೆದದ್ದು ಅದೊಂದೇ ಸಲ. ಆದರೆ ನನ್ನ ಎಡಗಡೆಯಿಂದ ಯಾರೋ ಬಿಕ್ಕುವುದು ಕೇಳಿಸಿತು. ಅದನ್ನೇ ನಾನು ಇಷ್ಟು ವರ್ಷ ಚಿಕ್ಕಮ್ಮನೆಂದು ತಿಳಿದಿದ್ದೆ.

ಆ ಸಿನಿಮಾಗಳನ್ನು ಈಗ ನೆನೆದರೆ ನಗು ಬರುತ್ತದೆ, ಆದರೆ ಪೂರ್ತಿ ನಗಲಾರೆ. ಶ್ರೀರಂಗಪಟ್ಟಣದ ಕೋರ್ಟಿನ ಮುಂದೆ ದಿನಾ ಹಾದು ಬಸ್ಸಿಗೆ ಹೋಗುತ್ತೇನೆ. ಗೇಟಿನ ಬಳಿ ಬಗಲಲ್ಲಿ ಚೀಲ ಇಟ್ಟುಕೊಂಡು ನಿಂತವರಲ್ಲಿ ಕೆಲವರು ಅಪ್ಪನ ಕಾಲದ ಬದುವಿನ ಜಗಳಕ್ಕೆ ಬಂದವರು. ಅಪ್ಪ ಹೋಗಿ ಮಗ ನಿಂತಿದ್ದಾನೆ, ಎದುರಾಳಿಯ ಜಾಗದಲ್ಲೂ ಅವನ ಮಗ. ಇಬ್ಬರೂ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಾರೆ. ಇಂಥವರಿಗೆ ಎರಡೂವರೆ ಗಂಟೆಯಲ್ಲಿ, ಮಧ್ಯೆ ಎರಡು ಹಾಡನ್ನೂ ಮುಗಿಸಿಕೊಂಡು, ಎಲ್ಲ ತೀರ್ಪನ್ನೂ ಮಚ್ಚಿನಲ್ಲೇ ಬರೆದುಕೊಡುವ ನಾಯಕ ದೇವರಂತೆ ಕಂಡರೆ ತಪ್ಪೇನು? ನಾನೂ ಆ ಶಿಳ್ಳೆ ಹೊಡೆದವನೇ. ಒಂದು ಸಂಗತಿ ಮಾತ್ರ ಆಗ ಹೊಳೆಯಲಿಲ್ಲ. ನಾಯಕನಿಗೆ ಮನೆ ಇದೆ, ಅಪ್ಪ ಇದ್ದಾನೆ, ತುಳಸಿಕಟ್ಟೆ ಇದೆ. ಮೂರನೆಯ ರೌಡಿಗೆ ಏನಿದೆ? ಬರುತ್ತಾನೆ, ಬೀಳುತ್ತಾನೆ. ಅವನನ್ನು ಯಾರು ಮನೆಗೆ ಹೊತ್ತುಕೊಂಡು ಹೋಗುತ್ತಾರೆಂದು ಯಾವ ಸಿನಿಮಾವೂ ತೋರಿಸಲಿಲ್ಲ. ನಮ್ಮ ಮೂರನೆಯ ರೌಡಿಗಾದರೋ ಮನೆ ಇತ್ತು. ಈಯಲು ಬಂದ ಎಮ್ಮೆ ಇತ್ತು, ಅದರ ಬಳಿ ನಿಂತ ಹೆಂಡತಿ ಇದ್ದಳು. ಆ ಹೆಂಡತಿ ಈಗ ನನ್ನ ಸೋಫಾದ ಮೇಲೆ ಕೂತು ದಿನಾ ಸಂಜೆ ನಾನು ಬಂದ ಕೂಡಲೇ, "ಸಿಕ್ತೇನ್ಲಾ?" ಎನ್ನುತ್ತಿದ್ದಳು. ಕಣ್ಣಿನ ಔಷಧಿ ಮುಗಿದ ಕೂಡಲೇ ಊರಿಗೆ ಹೋಗುವುದು ಗೊತ್ತಾಗಿತ್ತು. ಔಷಧಿಯ ಬಾಟಲಿ ಬೆಳಕಿಗೆ ಹಿಡಿದು ನೋಡಿದರೆ ತಳ ಕಾಣುತ್ತಿತ್ತು.

ಹುಡುಕಾಟವನ್ನು ಶಾಸ್ತ್ರೀಯವಾಗಿ ಮಾಡಬೇಕೆಂದು ನಿರ್ಧರಿಸಿದೆ. ಸಿನಿಮಾದ ಹೆಸರು "ಸೇಡಿನ ಸಿಡಿಲು ಸಿದ್ದ" ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಆ ಹೆಸರಿನಲ್ಲಿ ಅಂತರ್ಜಾಲದಲ್ಲಿ ಹುಡುಕಿದರೆ ಸಿದ್ದ ಎಂಬ ಒಬ್ಬರ ಕೋಳಿ ಫಾರಂ ಸಿಕ್ಕಿತು. ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಇಳಿದೆ. ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ, ಶೂಟಿಂಗಿನಲ್ಲಿ ಕಬ್ಬು ಹೊತ್ತಿದ್ದ ಒಬ್ಬರನ್ನು ಟೀ ಅಂಗಡಿಯಲ್ಲಿ ಹಿಡಿದೆ. "ಬೋರಣ್ಣುನ್ನ ಮಚ್ಚಲ್ಲಿ ಎಲ್ಲಿ ಕೊಂದ್ರು ಸಾ? ಟ್ರಾಕ್ಟರ್ ಅತ್ಸಿದ್ರು. ನಾನೇ ನೋಡಿವ್ನಿ, ಚಕ್ರ ಇಂಗೆ ವೋಯ್ತು" ಎಂದು ಮೇಜಿನ ಮೇಲೆ ಬನ್ನನ್ನು ಹರಿಸಿ ತೋರಿಸಿದರು. ನಾಗಮಂಗಲದಲ್ಲಿ ನಮ್ಮ ಕಾಲೇಜಿನ ಅಟೆಂಡರು, ಅವರು ಆಗ ಅಲ್ಲಿ ಟೆಂಟಿನಲ್ಲಿ ನೋಡಿದವರು, ಟ್ರಾಕ್ಟರೂ ಅಲ್ಲ, ಮಚ್ಚೂ ಅಲ್ಲ ಎಂದರು. "ಬೆಲ್ಲದ ಕೊಪ್ಪರಿಗೆಗೆ ಎತ್ತಿ ಹಾಕ್ಬುಟ್ರು ಸಾರ್. ನಾನು ಆಮೇಲೆ ಒಂದ್ ವರ್ಸ ಬೆಲ್ಲ ತಿನ್ನಲಿಲ್ಲ." ನಾಲ್ಕು ತಾಲ್ಲೂಕು ಸೇರಿ ನಮ್ಮ ಚಿಕ್ಕಪ್ಪನನ್ನು ಇಷ್ಟು ಬಗೆಯಲ್ಲಿ ಕೊಂದಿರುವುದು ನನಗೆ ತಿಳಿದೇ ಇರಲಿಲ್ಲ.

ಭಾನುವಾರ ಕೆ.ಆರ್.ಪೇಟೆಗೆ ಹೋದೆ. ಟಾಕೀಸು ಈಗ ಕಲ್ಯಾಣ ಮಂಟಪವಾಗಿದೆ. ತೆರೆ ಇದ್ದ ಗೋಡೆಗೆ ವಧೂವರರ ಸಿಂಹಾಸನ ಒರಗಿಸಿದ್ದಾರೆ. ಆಗ ಅಲ್ಲಿ ಆಪರೇಟರ್ ಆಗಿದ್ದ ಮುನೀರ್ ಸಾಬರು ಈಗ ಮಗನ ಟೈರ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನನ್ನ ಪ್ರಶ್ನೆ ಕೇಳಿ ಅವರಿಗೆ ಸಂತೋಷವೋ ಸಂತೋಷ.

"ಅರೆ, ಖೂಬ್ ಯಾದ್ ಅದೆ ಮೇಷ್ಟ್ರೇ! ಸೂಪರ್ ಪಿಕ್ಚರ್. ಹೀರೋ ಕುದುರೆ ಮ್ಯಾಲೆ ಬರ್ತಾನೆ, ಹೀರೋಯಿನ್ ಅಂಧಿ, ಕಣ್ಣು ಕಾಣಲ್ಲ, ಆದ್ರೂ ಬಂದೂಕ ಹೊಡೀತಾಳೆ."

"ಅದಲ್ಲ ಸಾಬ್ರೇ, ಇದರಲ್ಲಿ ಕುದುರೆ ಇಲ್ಲ, ಆಲೆಮನೆ ಇದೆ."

"ಆಲೆಮನೇನೂ ಇರ್ಬೌದು. ನಾನು ರೀಲ್ ಸುತ್ತೋನು ಸ್ವಾಮಿ, ಪಿಕ್ಚರ್ ನೋಡೋಕೆ ನಂಗೆ ಎಲ್ಲಿ ಟೈಮು?"

ಅಲ್ಲಿಂದ ಹೊಸಹೊಳಲಿಗೆ ಹೋಗಿ ಅತ್ತೆಯನ್ನು ಕೇಳಿದೆ. ಅತ್ತೆಗೆ ಈಗ ವಯಸ್ಸಾಗಿದೆ, ಆದರೆ ತಮ್ಮನ ಸಾವಿಗೆ ತಾನೇ ಶಿಳ್ಳೆ ಹೊಡೆದದ್ದನ್ನು ಮಾತ್ರ ಸುತರಾಂ ಒಪ್ಪಲಿಲ್ಲ. ಸಿನಿಮಾದ ಹೆಸರೂ ಗೊತ್ತಿಲ್ಲ ಎಂದರು. ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು, "ಅತ್ತೆ, ಅವತ್ತು ನನ್ನ ಎಡಗಡೆ ಕೂತು ಅಳ್ತಿದ್ದವರು ಯಾರು?" ಎಂದೆ.

"ಆ ಕಡೆ ಯಾರ್ಲಾ ಇದ್ರು? ನೀನು ಕೊನೇ ಕುರ್ಚಿ, ಆಚೆಗೆ ಗೋಡೆ. ಅತ್ತೋನು ನೀನೇ."

"ನಾನಾ?"

"ಇನ್ಯಾರು? ಮೂಗು ಒರಸ್ಕೊಂಡು ಒರಸ್ಕೊಂಡು ಅಂಗಿ ತೋಳೆಲ್ಲ ವದ್ದೆ ಮಾಡ್ಕೊಂಡಿದ್ದೆ. ಚಿಕ್ಕಪ್ಪ ಪಕ್ಕದಾಗೇ ಕಡ್ಲೆಕಾಯಿ ತಿಂತಾ ಕೂತಿದ್ರೂ ಅಳ್ತಿಯಲ್ಲೋ ಇಚಾರವಾದಿ ಅಂತ ಎಲ್ರೂ ನಗಾಡಿದ್ರು. ಅವ್ವ ಮಾತ್ರ, ಒಬ್ನಾದ್ರೂ ಅತ್ನಲ್ಲ, ಸಾಕು ಅಂದ್ಲು."

ಇದು ಅತ್ತೆಯ ಸಾಕ್ಷ್ಯ. ತನ್ನ ಶಿಳ್ಳೆಯನ್ನು ಮರೆತವರ ಸಾಕ್ಷ್ಯವನ್ನು ನಂಬಬೇಕಾಗಿಲ್ಲ ಎಂದು ಹೊಸಹೊಳಲಿನಿಂದ ಶ್ರೀರಂಗಪಟ್ಟಣದವರೆಗೂ ಬಸ್ಸಿನಲ್ಲಿ ನನಗೆ ನಾನೇ ವಾದಿಸಿಕೊಂಡೆ. ಕಾಲೇಜಿನ ಹುಡುಗರಾದರೆ ಇಂಥ ಆಕರವನ್ನು ತಳ್ಳಿಹಾಕಿರಿ ಎನ್ನುತ್ತಿದ್ದೆ. ತಳ್ಳಿಹಾಕಲು ಹೋದರೆ ಅದು ಕಿಟಕಿಯ ಪಕ್ಕದಲ್ಲೇ ಬಂದು ಕೂರುತ್ತಿತ್ತು. ಕಾಗೆ ಬಡಿದ ಮೇಲೆ ಚಿಕ್ಕಪ್ಪ ಇನ್ನೂ ಬಹಳ ವರ್ಷ ಬದುಕಿದರು, ಎಷ್ಟೋ ಮದುವೆಗಳಲ್ಲಿ ಬಡಿಸಿದರು ಎಂಬುದು ಮಾತ್ರ ನಿಜ. ಅದಕ್ಕೂ ನನ್ನ ಅಂಗಿಯ ತೋಳಿಗೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ, ಹೆಂಡತಿ ಅಡುಗೆಮನೆಯಿಂದ, "ಸಿಕ್ತು" ಎಂದಳು.

"ಏನು?"

"ಸಿನಿಮಾ. ನೀವು ಹೆಸರು ಹಾಕಿ ಹುಡುಕ್ತಿದ್ರಿ. ನಾನು 'ಆಲೆಮನೆ ಫೈಟು' ಅಂತ ಹಾಕ್ದೆ. ಮೊದಲನೇದೇ ಅದು. ಜನ ಹುಡುಕೋದು ಫೈಟನ್ನ, ಹೆಸರನ್ನಲ್ಲ."

ಅದರ ಹೆಸರು "ಕಬ್ಬಿನ ಗದ್ದೆಯ ಕಾಳಿಂಗ" ಎಂದಿತ್ತು. ಸೇಡೂ ಇಲ್ಲ, ಸಿಡಿಲೂ ಇಲ್ಲ, ಸಿದ್ದನೂ ಇಲ್ಲ. ಇಷ್ಟು ದಿನದ ಕ್ಷೇತ್ರಕಾರ್ಯದ ಬಗ್ಗೆ ಕೆಣಕದೆ ಹೆಂಡತಿ ಒಲೆಯತ್ತ ತಿರುಗಿದಳು. ಅದು ಅವಳ ದೊಡ್ಡತನವೋ ಸಾರು ಉಕ್ಕುತ್ತಿತ್ತೋ ಗೊತ್ತಿಲ್ಲ.

ಫೋನನ್ನು ಟಿವಿಗೆ ಜೋಡಿಸಿ ಚಿಕ್ಕಮ್ಮನನ್ನು ಕೂರಿಸಿದೆವು. ಯಾರೋ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು. ಬಣ್ಣವೆಲ್ಲ ತೊಳೆದುಹೋಗಿ ಕಬ್ಬಿನ ಗದ್ದೆ ನೇರಳೆಯಾಗಿತ್ತು, ಮೂಲೆಯಲ್ಲಿ ಒಂದು ಚಾನೆಲ್ಲಿನ ಮುದ್ರೆ ಕುಣಿಯುತ್ತಿತ್ತು. ಮೊದಲ ರೌಡಿ ಬಿದ್ದ. ಎರಡನೆಯವನು ಬಿದ್ದ. ಹೊಗೆಯೊಳಗಿಂದ ಚಿಕ್ಕಪ್ಪ ಬಂದರು. ನನ್ನ ನೆನಪಿನ ಪಟ್ಟೆ ಅಂಗಿ ಇರಲಿಲ್ಲ, ಬನಿಯನ್ನು ಹಾಕಿದ್ದರು. ಬೆಳಕು ನಾನಂದುಕೊಂಡ ಕಡೆಯಿಂದ ಬೀಳುತ್ತಿರಲಿಲ್ಲ. ಮತ್ತು ಅವರು ಎಷ್ಟು ಚಿಕ್ಕವರಾಗಿದ್ದರು! ಈಗ ನನಗಿರುವುದಕ್ಕಿಂತ ಎಷ್ಟೋ ಕಡಿಮೆ ವಯಸ್ಸು. ನಾನು ಇಷ್ಟು ವರ್ಷ ಒಬ್ಬ ದೊಡ್ಡ ಮನುಷ್ಯನನ್ನು ನೆನೆಸಿಕೊಳ್ಳುತ್ತಿದ್ದೆ, ತೆರೆಯ ಮೇಲೆ ನನ್ನ ತಮ್ಮನಂಥ ಒಬ್ಬ ಹುಡುಗ ಮೀಸೆ ಅಂಟಿಸಿಕೊಂಡು ನಿಂತಂತಿತ್ತು.

ಆ ಹುಡುಗ ಬಾಯಿ ತೆರೆದ. "ಹೇಡಿ! ಹಿಂದಿನಿಂದ ಬರಬೇಡ, ಧೈರ್ಯವಿದ್ದರೆ ಎದುರಿಗೆ ಬಾ!" ಎಂದು ಬೆಂಗಳೂರಿನ ಯಾವುದೋ ಡಬ್ಬಿಂಗ್ ಕೋಣೆಯ ದಪ್ಪ ಗಂಟಲು ಗುಡುಗಿತು.

ಚಿಕ್ಕಮ್ಮ ಬೆಚ್ಚಿದರು. "ಇದ್ಯಾವನ್ಲಾ? ಇವ್ರ ಬಾಯೊಳೀಕೆ ಯಾವನೋ ಬಂದು ಕೂತವ್ನೆ!"

"ಆಗ ಹಂಗೇ ಚಿಕ್ಕಮ್ಮ, ಬೇರೆಯವರ ಕೈಲಿ ಮಾತಾಡಿಸ್ತಿದ್ರು."

"ಸೌಂಡ್ ತೆಗೀಲಾ. ಅವ್ನ್ ಮಾತು ನಂಗೆ ಬ್ಯಾಡ. ಇಂದಕ್ಕೆ ಓಡ್ಸು, ಬರೋದ್ರಿಂದ ತೋರ್ಸು."

ಸದ್ದು ತೆಗೆದು ಮತ್ತೆ ಹಾಕಿದೆ. ಚಿಕ್ಕಪ್ಪ ಹೊಗೆಯೊಳಗಿಂದ ಮತ್ತೆ ಬಂದರು. ಮನೆಯಲ್ಲಿ ಫ್ಯಾನಿನ ಸದ್ದೊಂದೇ. ಚಿಕ್ಕಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಡ್ಗೆ ನೋಡು" ಎಂದರು ಹೆಂಡತಿಗೆ. "ಎಡಗಾಲು ಒಸಿ ಎಳ್ದಂಗೆ. ಗದ್ದೆ ಕಡೆಯಿಂದ ಬರ್ತಿದ್ರೆ ಮುಖ ಕಾಣೋಕ್ ಮುಂಚೆ ಅದೇ ಕಾಣೋದು." ಅವರು ಮತ್ತೆ ಹಿಂದಕ್ಕೆ ಓಡಿಸು ಎಂದರು. ನಾನು ಓಡಿಸಿದೆ. ಮತ್ತೆ ಬಂದರು. ಮತ್ತೆ ಎಂದರು, ಮತ್ತೆ ಬಂದರು. ಜೀವಮಾನದಲ್ಲಿ ಯಾವ ಮದುವೆಯ ಕ್ಯಾಮೆರಾಕ್ಕೂ ಮುಖ ಕೊಡದ ಮನುಷ್ಯ ನಮ್ಮ ಮನೆಯ ಹಾಲಿನೊಳಗೆ ಬರುತ್ತಲೇ ಇದ್ದರು, ಬಂದು ಮುಟ್ಟುತ್ತಿರಲಿಲ್ಲ.

ಕೊನೆಗೊಮ್ಮೆ ಮುಂದೆ ಬಿಟ್ಟಾಗ ನಾಯಕ ಮಚ್ಚು ಎತ್ತಿದ. ನಾನು ತಡೆಯಲಾರದೆ ನಿಲ್ಲಿಸಿಬಿಟ್ಟೆ.

"ಯಾಕ್ಲಾ ನಿಲ್ಲಿಸ್ದೆ?"

"ಸಾಕು ಬಿಡಿ ಚಿಕ್ಕಮ್ಮ, ಮುಂದೆ ಏನಿದೆ."

"ಬುಡ್ಲಾ. ಅವ್ರು ನಿಜ್ವಾಗ್ಲೂ ವೋದಾಗ ಅವ್ರ ತಲೆ ತೊಡೆ ಮ್ಯಾಲೆ ಇಟ್ಕೊಂಡು ಕೂತಿದ್ದೋಳು ನಾನು. ಈ ಬಣ್ಣದ ನೀರ್ಗೆ ಎದ್ರಿಕೊಂಡೇನಾ?"

ಬಿಟ್ಟೆ. ಮಚ್ಚು ಬೀಸಿತು, ಕೆಂಪು ನೀರು ನೇರಳೆಯಾಗಿ ಹಾರಿತು. ಚಿಕ್ಕಪ್ಪ ಎರಡು ಕೈಯನ್ನೂ ಮೇಲೆತ್ತಿ, ಸಾಯುವವರು ಯಾರೂ ತಿರುಗದ ಹಾಗೆ ಒಂದು ಸುತ್ತು ತಿರುಗಿ, ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಅಂಗಾತ ಬಿದ್ದರು. ಕೊಪ್ಪರಿಗೆಗೆ ಹಾಕಲೂ ಇಲ್ಲ, ಟ್ರಾಕ್ಟರು ಹತ್ತಿಸಲೂ ಇಲ್ಲ. ಮಚ್ಚೇ ಆದ್ದರಿಂದ ನನ್ನ ಮಾನ ಅಷ್ಟರಮಟ್ಟಿಗೆ ಉಳಿಯಿತು. ನಾಯಕ ಅವರನ್ನು ದಾಟಿಕೊಂಡು ಖಳನತ್ತ ಹೋದ. ಮಿತವ್ಯಯದ ಸಿನಿಮಾ, ಕ್ಯಾಮೆರಾ ಸರಿಸಲು ಜನವಿರಲಿಲ್ಲವೇನೋ, ಬಿದ್ದ ಚಿಕ್ಕಪ್ಪನ ಮೇಲೇ ನಿಂತಿತ್ತು. ಚಿಕ್ಕಮ್ಮ ಸೋಫಾದಿಂದ ಎದ್ದು ಟಿವಿಯ ಹತ್ತಿರ ಹೋದರು. ಅಳುತ್ತಾರೆಂದು ಹೆಂಡತಿ ಅವರ ಹಿಂದೆ ಹೋಗಿ ನಿಂತಳು. ಅವರು ನಗುತ್ತಿದ್ದರು.

"ಲೋ, ಉಸ್ರು ಆಡ್ತಾವ್ರೆ ಕಣ್ಲಾ! ಒಟ್ಟೆ ನೋಡು. ಸತ್ತಂಗ್ ಬಿದ್ಕೊಳ್ಳಿ ಅಂದ್ರೆ ಅದೂ ಬರಕಿಲ್ಲ ಇವ್ರಿಗೆ."

"ಪ್ರಿಂಟು ಹಳೇದು ಚಿಕ್ಕಮ್ಮ. ಚಿತ್ರ ಅಲುಗಾಡುತ್ತೆ" ಎಂದೆ. ಅನುಮಾನಿಸುವುದು ನನಗೆ ಅಷ್ಟು ರೂಢಿ.

"ಇಲ್ಲ ಕಣ್ಲಾ, ಬದ್ಕವ್ರೆ" ಎಂದರು. ವಾದ ಮಾಡುವ ದನಿಯಲ್ಲ ಅದು. ಬಾಗಿಲಲ್ಲಿ ಯಾರು ಬಂದರೆಂದು ಒಳಗಿನವರಿಗೆ ಹೇಳುವ ದನಿ.

ಔಷಧಿ ಮುಗಿಯಿತು. ಮರುದಿನ ಬೆಳಿಗ್ಗೆ ನನ್ನ ಜೊತೆಯೇ ಬಸ್ಸು ಹತ್ತಿ ಚಿಕ್ಕಮ್ಮ ಪಾಂಡವಪುರದಲ್ಲಿ ಇಳಿದುಕೊಂಡರು. ಚಿತ್ರವನ್ನು ಫೋನಿಗೆ ಹಾಕಿಕೊಡಲೇ ಎಂದರೆ ಬೇಡ ಎಂದರು. "ದಿನಾ ನೋಡಿದ್ರೆ ಸವ್ದೋಗ್ತದೆ. ಆಸೆ ಆದಾಗ ಬತ್ತೀನಿ, ಆಗ್ ಆಕು" ಎಂದು ಚೀಲ ಹಿಡಿದು ಹೊರಟರು. ಬದಲಿಸಿ ಹತ್ತಿದ ನಾಗಮಂಗಲದ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಅವರು ಒಮ್ಮೆಯೂ ಎಡವದೆ ರಸ್ತೆ ದಾಟಿದರು.

ಅಂದು ಕಾಲೇಜಿನಲ್ಲಿ ಬಿಡುವಿನ ಪೀರಿಯಡ್ಡಿತ್ತು. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಯಾರು ಅತ್ತರು, ಯಾರು ಶಿಳ್ಳೆ ಹೊಡೆದರು ಎಂಬುದನ್ನು ಇನ್ನು ಯಾವ ಜನ್ಮದಲ್ಲೂ ಸಾಬೀತು ಮಾಡಲಾರೆ, ಆದರೆ ಇದೊಂದನ್ನು ಮಾಡಬಹುದಲ್ಲ ಎಂದು ಫೋನು ತೆಗೆದು, ಆ ದೃಶ್ಯವನ್ನು ಆದಷ್ಟು ನಿಧಾನಕ್ಕೆ ಇಳಿಸಿ, ಪರೀಕ್ಷಕನ ಹಾಗೆ ಕೂತು ನೋಡಿದೆ. ಪ್ರಿಂಟು ಅಲುಗಾಡುತ್ತಿಲ್ಲ. ಪಕ್ಕದ ಕೊಪ್ಪರಿಗೆ ನಿಂತಲ್ಲೇ ನಿಂತಿದೆ, ಸಿಪ್ಪೆಯ ರಾಶಿಯೂ ಕದಲುವುದಿಲ್ಲ. ನಾಯಕ ದಾಟಿ ಹೋದ ಮೇಲೆ ಬನಿಯನ್ನಿನ ಕೆಳಗೆ ಚಿಕ್ಕಪ್ಪನ ಹೊಟ್ಟೆ ಏಳುತ್ತದೆ, ಇಳಿಯುತ್ತದೆ. ಮತ್ತೆ ಏಳುತ್ತದೆ. ಅದು ಇಳಿಯುವುದರೊಳಗೆ ದೃಶ್ಯ ಕತ್ತರಿಸಿಹೋಗುತ್ತದೆ.